ಸೌಜನ್ಯ ವರದಿಯಲ್ಲೇ ಕಾಣಲಿ

ಜರ್ಮನಿಯವರು ಮುಕ್ತ ತಂತ್ರಾಂಶಗಳಿಗೆ, ಅಂದರೆ ಯಾರು ಬೇಕಾದರೂ ಒಳಗಿನ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಗಳಿಗೆ, ಬರೆಯುವ ದೋಷ ವರದಿಯನ್ನು ಓದಿದರೆ ನಮ್ಮ ಕಡೆಯವರಿಗೆ ಅವರು ಜಗಳಕ್ಕೆ ನಿಂತಂತೆ ಕಾಣಬಹುದು. ನಮಸ್ಕಾರವಿಲ್ಲ, ಕುಶಲ ವಿಚಾರಣೆಯಿಲ್ಲ. ಯಾವ ಆವೃತ್ತಿ, ಏನು ಮಾಡಿದಾಗ ಕೆಟ್ಟಿತು, ಏನಾಗಬೇಕಿತ್ತು, ಏನಾಯಿತು, ಇಷ್ಟೇ. ದೋಷ ಸರಿಪಡಿಸಲು ಮುಂದೆ ಬರುವ ನಮ್ಮ ಹುಡುಗರ ಬರಹದಲ್ಲಿ ಗೌರವ ತುಂಬಿ ತುಳುಕುತ್ತದೆ: "ಸರ್, ದಯವಿಟ್ಟು ಈ ಕೆಲಸವನ್ನು ನನಗೆ ವಹಿಸಿ." ಆದರೆ ಸಮಸ್ಯೆಯನ್ನು ಎಷ್ಟು ಅರಿತಿದ್ದಾರೆ, ಹೇಗೆ ಸರಿಪಡಿಸಲಿದ್ದಾರೆ ಎಂಬುದರ ಸುಳಿವೇ ಇರುವುದಿಲ್ಲ. ಅದನ್ನು ಓದುವವರು, ಅಂದರೆ ಆ ತಂತ್ರಾಂಶವನ್ನು ನೋಡಿಕೊಳ್ಳುವ ನಿರ್ವಾಹಕರು, ಎಷ್ಟೋ ಸಲ ಕಚೇರಿ ಮುಗಿಸಿ ಬಂದು ಸಂಬಳವಿಲ್ಲದೆ ಕೂತವರು. ಅವರ ಅರ್ಧ ಗಂಟೆ ಉಳಿಸುವುದೇ ಅವರಿಗೆ ಸಲ್ಲುವ ಮರ್ಯಾದೆ ಎಂದು ಬರ್ಲಿನ್‌ನಲ್ಲಿರುವ ನನಗೆ ದಿನೇ ದಿನೇ ಹೆಚ್ಚು ಅನಿಸುತ್ತಿದೆ.

ಕನ್ನಡದ್ದೇ ಉದಾಹರಣೆ ನೋಡಿ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್‌ಗಳಲ್ಲಿ ನಮ್ಮ ಒತ್ತಕ್ಷರಗಳನ್ನು ಜೋಡಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. "ರ‍್ಯಾಲಿ" ಎಂದು ಮೂಡಬೇಕಾದರೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವೊಂದು ಇರಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು "ರ್ಯಾಲಿ" ಆಗುತ್ತದೆ. ಸಂಕೇತವಿದ್ದೂ ತಪ್ಪಾಗಿ ಮೂಡಿದಾಗ "ಕನ್ನಡ ಸರಿಯಾಗಿ ಕಾಣುತ್ತಿಲ್ಲ, ಬೇಗ ಸರಿಪಡಿಸಿ" ಎಂದು ಬರೆದರೆ, ಕನ್ನಡ ಓದಲು ಬಾರದ ನಿರ್ವಾಹಕರು ಏನು ಮಾಡಿಯಾರು? ಅವರಿಗೆ ಆ ಪದ ಬೇಕು, ಸಂಕೇತಗಳ ಸಾಲು ಬೇಕು, ಫಾಂಟಿನ ಹೆಸರು ಬೇಕು, ತಪ್ಪು ರೂಪದ ಪಕ್ಕದಲ್ಲೇ ಸರಿ ರೂಪದ ಚಿತ್ರ ಬೇಕು. ಇನ್ನೊಂದು ಫಾಂಟಿನಲ್ಲೂ ಪರೀಕ್ಷಿಸಿ ನೋಡಬೇಕು. ದೋಷ ಫಾಂಟಿನದಾದರೆ ವರದಿ ಹೋಗಬೇಕಾದ್ದು ಫಾಂಟು ರೂಪಿಸಿದವರಿಗೆ. ಕನ್ನಡ ಬಲ್ಲ ನಾವಲ್ಲದೆ ಇದನ್ನು ಬೇರೆ ಯಾರೂ ಮಾಡಿಕೊಡಲಾರರು.

ಮುಕ್ತ ತಂತ್ರಾಂಶಗಳಿಗೆ ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ, 2020ರಲ್ಲಿ, ಆ ಟೀ ಶರ್ಟಿನ ಆಸೆಗೆ ಹುರುಳಿಲ್ಲದ ತಿದ್ದುಪಡಿಗಳು ಎಷ್ಟು ಬಂದವೆಂದರೆ, ತಾವಾಗಿ ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಎಂದು ನಿಯಮವನ್ನೇ ಬದಲಿಸಬೇಕಾಯಿತು. ಆ ತಿದ್ದುಪಡಿಗಳಲ್ಲಿ ಭಾರತದಿಂದ ಹೋದವೂ ಇದ್ದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹಾಗೆಂದು ಇಲ್ಲಿನ ರೀತಿಯೆಲ್ಲ ಒಳ್ಳೆಯದೆನ್ನಲಾರೆ. ಹೊಸಬರ ತಿದ್ದುಪಡಿಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುವುದುಂಟು. ಏಕೆ ಬೇಡವೆಂದು ಕೂರಿಸಿಕೊಂಡು ತಿಳಿಸಿಹೇಳುವ ನಮ್ಮ ಗುಣ ಅಲ್ಲಿ ಬೇಕೇ ಬೇಕು. ದಣಿದವರನ್ನು ವಿಚಾರಿಸಿಕೊಳ್ಳುವ ಗುಣವೂ ಅಷ್ಟೇ. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಪುಟ್ಟ ತಂತ್ರಾಂಶವನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ನಿರ್ವಾಹಕರು ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದು 2022ರಲ್ಲಿ ಹೇಳಿಕೊಂಡರೂ, ನಿಧಾನವಾಯಿತೆಂದು ಕೆಲವರು ಅವರನ್ನು ಪೀಡಿಸಿದರು. ಕೊನೆಗೆ ಹೊಣೆ ಹಂಚಿಕೊಂಡ ಅಪರಿಚಿತ ಸಹಾಯಕನ ಹೆಸರಿನಲ್ಲೇ ಹೊರಗಿನವರು ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗಲು ಬಿಡುವ ಕಳ್ಳದಾರಿಯೊಂದು ತಂತ್ರಾಂಶದೊಳಗೆ ಸೇರಿತು. ಅದು ಪತ್ತೆಯಾದದ್ದು 2024ರ ಮಾರ್ಚ್‌ನಲ್ಲಿ.

ಆದ್ದರಿಂದ ಬೆಂಗಳೂರು, ಹುಬ್ಬಳ್ಳಿಯ ಕಾಲೇಜು ಹುಡುಗರಿಗೆ ನಾನು ಹೇಳುವುದು: ವರದಿಗೆ ಉತ್ತರ ಬಾರದಿದ್ದರೆ ಕೆಲವು ವಾರ ತಾಳಿ. ಆಮೇಲೆ ಹೊಸ ಆವೃತ್ತಿಯಲ್ಲಿ ಅದೇ ದೋಷವನ್ನು ಮತ್ತೆ ಪರೀಕ್ಷಿಸಿ, ಆ ಫಲಿತಾಂಶದೊಂದಿಗೆ ಒಮ್ಮೆ ನೆನಪಿಸಿ.