ಮ್ಯಾನೇಜರ್ ಇರೋದೇ ಬೈಸಿಕೊಳ್ಳೋಕೆ

ಕ್ರಿಕೆಟ್ ಕೋಚ್ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ದೂರದಲ್ಲಿ ಕೂರುತ್ತಾನೆ. ಬೇಸ್‌ಬಾಲ್ ಮ್ಯಾನೇಜರ್ ಹಾಗಲ್ಲ. ತಲೆ ನರೆತಿರಲಿ, ಹೊಟ್ಟೆ ಮುಂದೆ ಬಂದಿರಲಿ, ಆಟಗಾರರ ಥರಾನೇ ಯೂನಿಫಾರ್ಮ್ ತೊಡುತ್ತಾನೆ. ನ್ಯೂಜೆರ್ಸಿಯ ನಮ್ಮ ಮನೆಗೆ ಬಂದ ಅತ್ತೆ ನ್ಯೂಯಾರ್ಕಿನ ಬೇಸ್‌ಬಾಲ್ ತಂಡ ಯಾಂಕೀಸ್ ಪಂದ್ಯ ನೋಡುತ್ತಾ ಕೇಳಿದರು, "ಇವರ ಬ್ಯಾಟಿಂಗ್ ಯಾವಾಗ?" ಇವರು ಬ್ಯಾಟ್ ಮಾಡಲ್ಲ ಅತ್ತೆ, ಇರೋದೇ ಬೈಸಿಕೊಳ್ಳೋಕೆ ಅಂದೆ.

ತಮಾಷೆಗೆ ಹೇಳಿದ್ದಲ್ಲ. 1973ರಲ್ಲಿ ಜಾರ್ಜ್ ಸ್ಟೈನ್‌ಬ್ರೆನ್ನರ್ ತಂಡ ಕೊಂಡ ಮೇಲೆ ಮ್ಯಾನೇಜರ್ ಕೆಲಸ ಅಂದರೆ ಅದೇ ಆಗಿಹೋಯಿತು. ಬಿಲ್ಲಿ ಮಾರ್ಟಿನ್ ಅನ್ನುವ ಒಬ್ಬನನ್ನೇ ಐದು ಸಲ ಕರೆತಂದ, ಐದು ಸಲವೂ ಅವನು ಹೊರಬಿದ್ದ. 1978ರ ಜುಲೈನಲ್ಲಿ ಬಿಲ್ಲಿ ಕಣ್ಣೀರು ಹಾಕಿ ರಾಜೀನಾಮೆ ಕೊಟ್ಟ. ಐದೇ ದಿನಕ್ಕೆ, ತುಂಬಿದ ಸ್ಟೇಡಿಯಮ್ಮಿನಲ್ಲಿ, 1980ಕ್ಕೆ ಇವನೇ ವಾಪಸ್ ಬರ್ತಾನೆ ಅಂತ ಘೋಷಣೆ! ಅಲ್ಲಿಯವರೆಗೂ ತಡೆಯಲಾಗದೆ 1979ರಲ್ಲೇ ಕರೆಸಿಕೊಂಡರು. ಅದೇ ವರ್ಷ ಬಿಲ್ಲಿ ಹೋಟೆಲೊಂದರಲ್ಲಿ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಮಿಠಾಯಿ ಮಾರುವವನ ಜೊತೆ ಹೊಡೆದಾಡಿಕೊಂಡ. ಕೆಲಸ ಹೋಯಿತು. ಜಗಳಕ್ಕೂ ಒಂದು ಗಾಂಭೀರ್ಯ ಬೇಡ್ವಾ?

ಆಮೇಲೆ ಬಂದ ಡಿಕ್ ಹೌಸರ್ 1980ರಲ್ಲಿ 103 ಪಂದ್ಯ ಗೆದ್ದ. ಪ್ಲೇಆಫ್‌ನಲ್ಲಿ ಸೋತ, ಮನೆಗೆ ಹೋದ. ತಂಡದ ಕಣ್ಮಣಿ ಯೋಗಿ ಬೆರಾನನ್ನು 1985ರಲ್ಲಿ ಬರೀ 16 ಪಂದ್ಯಕ್ಕೆ ತೆಗೆದರು. ಆ ಮಾತನ್ನು ಎದುರಿಗೆ ಬಂದು ಹೇಳೋಕೂ ಮಾಲೀಕನಿಗೆ ಆಗಲಿಲ್ಲ, ಇನ್ನೊಬ್ಬನನ್ನು ಕಳಿಸಿದ. ಯೋಗಿ ಸಿಟ್ಟಾಗಿ 14 ವರ್ಷ ಯಾಂಕೀ ಸ್ಟೇಡಿಯಂ ಕಡೆ ತಲೆ ಹಾಕಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕರೆಯಲಿಲ್ಲ ಅಂತ ಮುನಿಸಿಕೊಂಡ ಸೋದರಮಾವನ ಹಾಗೆ. ನನ್ನ ಓಟು ಯೋಗಿಗೇ.

1996ರಿಂದ 2007ರವರೆಗೆ ಇದ್ದವನು ಜೋ ಟೋರಿ. ನಾಲ್ಕು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದುಕೊಟ್ಟ. ಗೆದ್ದರೂ ಸೋತರೂ ಒಂದೇ ಮುಖ. ಇಂಥವನನ್ನು ಬೈಯೋದರಲ್ಲಿ ಮಜಾ ಇಲ್ಲ ಬಿಡಿ.

ನಮ್ಮ ಮನೆಗೆ ನಷ್ಟ ಮಾಡಿದವನು ಆರನ್ ಬೂನ್. ಆಟಗಾರನಾಗಿ 2003ರಲ್ಲಿ ಬಾಸ್ಟನ್ ವಿರುದ್ಧ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ) ಹೊಡೆದು ಹೀರೋ ಆದ. ಕೆಲವೇ ತಿಂಗಳಲ್ಲಿ ಸುಮ್ನೆ ಬಾಸ್ಕೆಟ್‌ಬಾಲ್ ಆಡಲು ಹೋಗಿ ಮಂಡಿ ಹಾಳುಮಾಡಿಕೊಂಡ, ತಂಡದಿಂದಲೂ ಹೊರಬಿದ್ದ. ಎಲ್ಲೂ ಕೋಚ್ ಆಗಿರದ ಇವನು 2018ರಲ್ಲಿ ಸೀದಾ ಮ್ಯಾನೇಜರ್.

ಮೊದಲೆಲ್ಲ ಚೆಂಡು ಎಸೆಯುವ ಪಿಚರ್‌ನನ್ನು ಬದಲಿಸಲು ಮ್ಯಾನೇಜರ್ ನಿಧಾನಕ್ಕೆ ನಡೆದು ಹೋಗುವ ಹೊತ್ತಲ್ಲಿ ನಾನು ಒಲೆ ಆರಿಸಿ, ಹೆಪ್ಪು ಹಾಕಿ ಬರುತ್ತಿದ್ದೆ. 2020ರಲ್ಲಿ ಹೊಸ ನಿಯಮ ಬಂತು. ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಸಬೇಕು. ಬೂನ್ ಏಳುತ್ತಾನೆ, ಏಳುತ್ತಾನೆ ಅಂತ ಕಾದೆ. ಹಾಲು ಎದ್ದಿತು, ಅವನು ಏಳಲಿಲ್ಲ.

2024ರ ವರ್ಲ್ಡ್ ಸೀರೀಸ್ ಇನ್ನೂ ದುಬಾರಿ. ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡದ ಜೊತೆ ಮೊದಲ ಪಂದ್ಯ, ಹತ್ತನೇ ಇನ್ನಿಂಗ್ಸ್, ನಾವು ಒಂದು ರನ್ ಮುಂದೆ. ತಿಂಗಳ ಮೇಲಾಗಿ ಪಂದ್ಯದಲ್ಲಿ ಚೆಂಡೇ ಎಸೆಯದ ನೆಸ್ಟರ್ ಕೋರ್ಟೆಸ್‌ನನ್ನು ಬೂನ್ ಇಳಿಸಿದ. ಡಾಜರ್ಸ್‌ನ ಫ್ರೆಡ್ಡಿ ಫ್ರೀಮನ್ ಕೋರ್ಟೆಸ್ ತನಗೆ ಎಸೆದ ಮೊದಲ ಚೆಂಡಿಗೇ ಗ್ರ್ಯಾಂಡ್ ಸ್ಲ್ಯಾಮ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್, ಹೊಡೆದು ಪಂದ್ಯ ಮುಗಿಸಿದ. ನಾನು ಕೂಗಿದ ರಭಸಕ್ಕೆ ಮಗು ಎದ್ದು ಅಳತೊಡಗಿತು, ಅತ್ತೆ ಭೂಕಂಪವಾ ಅಂತ ಕೇಳಿಕೊಂಡು ಕೆಳಗಿಳಿದು ಬಂದರು.

ಐದನೇ ಪಂದ್ಯ ಅಕ್ಟೋಬರ್ 30ಕ್ಕೆ, ನರಕ ಚತುರ್ದಶಿಯ ಹಿಂದಿನ ರಾತ್ರಿ. ಎಣ್ಣೆ ಕಾದಿತ್ತು, ಚಕ್ಲಿ ಒತ್ತಿ ಬಿಟ್ಟಿದ್ದೆ. 5-0 ಮುಂದಿದ್ದೆವು. ಐದನೇ ಇನ್ನಿಂಗ್ಸ್‌ನಲ್ಲಿ ನಮ್ಮ ಆರನ್ ಜಡ್ಜ್ ಕೈಗೆ ಬಂದ ಚೆಂಡು ಬಿಟ್ಟ. ವೋಲ್ಪಿ ಎಸೆತ ಕೆಡಿಸಿದ. ಪಿಚರ್ ಕೋಲ್ ಬ್ಯಾಟರ್‌ನನ್ನು ಔಟ್ ಮಾಡಲು ಫಸ್ಟ್ ಬೇಸಿಗೆ ಓಡಲೇ ಇಲ್ಲ. 5-5. ಕೊನೆಗೆ 7-6ರಲ್ಲಿ ಸೋತೆವು. ಇದರಲ್ಲಿ ಬೂನ್ ತಪ್ಪು ಏನೂ ಇಲ್ಲ. ಆದರೂ ಬೈದದ್ದು ಅವನನ್ನೇ. ಮಸಿಯಾದ ಚಕ್ಲಿಯೂ ಅವನ ಲೆಕ್ಕಕ್ಕೇ ಹೋಯಿತು.

"ಇವನನ್ನ ಯಾವಾಗ ತೆಗೀತಾರೆ?" ಅಂದರು ಅತ್ತೆ. ಅಷ್ಟರಲ್ಲಿ ಅವರೂ ಪಕ್ಕಾ ಯಾಂಕೀಸ್ ಅಭಿಮಾನಿ ಆಗಿದ್ದರು ಅನ್ನಿ. 2025ರ ಫೆಬ್ರವರಿಯಲ್ಲಿ ಬೂನ್ ಒಪ್ಪಂದವನ್ನು 2027ರವರೆಗೆ ವಿಸ್ತರಿಸಿದರು. ಶಿವಮೊಗ್ಗಕ್ಕೆ ವಾಪಸಾಗಿದ್ದ ಅತ್ತೆಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಮುಂದಿನ ದೀಪಾವಳಿಗೆ ಚಕ್ಲಿ ಅಂಗಡಿಯಿಂದ ತಂದ್ಬಿಡಿ," ಅಂದರು.