ಅಮ್ಮನ ಸೊಂಟದೊಳಗೆ ಏನಿದೆ?

ಕಳೆದ ತಿಂಗಳು ಅಮ್ಮನನ್ನು ಹೊಸ ವೈದ್ಯರೊಬ್ಬರಲ್ಲಿ ತೋರಿಸಿದೆ. ಆಕೆಯ ಬಲ ಸೊಂಟದ ಕೀಲು ಬದಲಿಸಿ ಒಂಬತ್ತು ವರ್ಷವಾಯಿತು. ಈಚೆಗೆ ತೊಡೆಸಂದಿಯಲ್ಲಿ ಸಣ್ಣ ನೋವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಒಳಗಿರುವುದು ಯಾವ ಕೀಲು?"

"ಒಳ್ಳೆಯ ಕಂಪನಿಯದು" ಎಂದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಮನೆಯ ಫ್ರಿಜ್ಜಿನ ಮಾಡೆಲ್ ಸಂಖ್ಯೆ ನನಗೆ ಬಾಯಿಪಾಠ. ಹೆತ್ತವಳ ಮೂಳೆಗೆ ಬಡಿದು ಕೂರಿಸಿದ ಲೋಹದ ಹೆಸರು ಗೊತ್ತಿಲ್ಲ.

ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಗೆ ಹೋದೆ. "ಅಷ್ಟು ಹಳೆಯ ಕಡತ ಇಲ್ಲ" ಎಂದರು. ಎರಡನೆಯ ಸಲ "ಅರ್ಜಿ ಕೊಡಿ" ಎಂದರು. ಮೂರನೆಯ ಸಲ ಅರ್ಜಿಯೂ ಕಳೆದುಹೋಗಿತ್ತು. ಆ ಸಿಟ್ಟಿನಲ್ಲೇ ಒಂದಷ್ಟು ದಿನ ಓದಿದೆ. ಈ ಬರಹ ಆ ಓದಿನದು, ಸ್ವಲ್ಪ ಆ ಸಿಟ್ಟಿನದೂ ಹೌದು.

ಇಂದಿನ ಕೀಲು ಬದಲಾವಣೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ. ಸೊಂಟದ ಕೀಲೆಂದರೆ ಬಟ್ಟಲಿನೊಳಗೆ ತಿರುಗುವ ಗುಂಡು. 1950ರ ದಶಕದ ಕೊನೆಯಲ್ಲಿ ಅವರು ಆ ಬಟ್ಟಲಿಗೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ ಬಳಸಿದರು. ನುಣುಪಾದ ವಸ್ತು, ರೋಗಿಗಳು ಎದ್ದು ನಡೆದರು, ಎಲ್ಲರಿಗೂ ಸಂತೋಷ. ಎರಡು ಮೂರು ವರ್ಷಗಳಲ್ಲಿ ಬಟ್ಟಲು ಸವೆದು, ಉದುರಿದ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಿ ಗಡ್ಡೆ ಕಟ್ಟತೊಡಗಿತು. ಅಷ್ಟರೊಳಗೆ ಸುಮಾರು 300 ಜನರಿಗೆ ಅದನ್ನು ಕೂರಿಸಿ ಆಗಿತ್ತು. ಇದು ಪುಡಿಯದೇ ಕಿತಾಪತಿಯೇ ಎಂದು ತಿಳಿಯಲು ಚಾರ್ನ್ಲಿ ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು! ಗಂಟು ಎದ್ದಿತು, ಉತ್ತರ ಸಿಕ್ಕಿತು.

1962ರಲ್ಲಿ ಮಾರಾಟಗಾರನೊಬ್ಬ ನೇಯ್ಗೆ ಯಂತ್ರಗಳ ಹಲ್ಲುಚಕ್ರಕ್ಕೆ ಬಳಸುವ ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್ಕಿನ ತುಂಡೊಂದನ್ನು ಪ್ರಯೋಗಾಲಯಕ್ಕೆ ತಂದ. ಚಾರ್ನ್ಲಿ ಅದಕ್ಕೆ ಉಗುರು ಒತ್ತಿ ನೋಡಿ, ಪ್ರಯೋಜನವಿಲ್ಲ ಎಂದು ಎದ್ದು ಹೋದರು. ಅವರ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಸುಮ್ಮನಿರಲಾರದೆ ಅದನ್ನು ಸವೆತದ ಯಂತ್ರಕ್ಕೆ ಹಾಕಿದ. ಮೂರು ವಾರ ಹಗಲೂ ರಾತ್ರಿ ಉಜ್ಜಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಸವೆದಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆ ಬಟ್ಟಲು ರೋಗಿಯ ದೇಹ ಸೇರಿತು. ಎಲ್ಲರೂ ಚಾರ್ನ್ಲಿಯನ್ನು ಹೊಗಳುತ್ತಾರೆ, ನನಗೆ ಕ್ರೇವನ್ ಇಷ್ಟ.

ಇನ್ನೂ ಇಷ್ಟವಾದದ್ದು ಇನ್ನೊಂದು. ಒಮ್ಮೆ ಸುಟ್ಟುಕೊಂಡ ಚಾರ್ನ್ಲಿ ಆ ಬಳಿಕ ರೋಗಿಗಳ ಬೆನ್ನು ಬಿಡಲಿಲ್ಲ. ವರ್ಷ ವರ್ಷವೂ ಕರೆಸಿ ನೋಡಿದರು. ಸತ್ತ ಮೇಲೆ ಕೀಲನ್ನು ಬಿಚ್ಚಿ ಪರೀಕ್ಷಿಸಲು ಒಪ್ಪಿಗೆಯನ್ನೂ ಕೇಳಿಟ್ಟುಕೊಂಡರು. ಈ ಲೆಕ್ಕ ಇಡುವ ಬುದ್ಧಿಯೇ ಆ ಪ್ಲಾಸ್ಟಿಕ್ ತುಂಡಿಗಿಂತ ದೊಡ್ಡ ಶೋಧ ಎಂಬುದು ನನ್ನ ವಾದ.

ಒಬ್ಬ ಶಸ್ತ್ರವೈದ್ಯನ ಅನುಭವ ಎಷ್ಟೇ ಇದ್ದರೂ ಅವನ ಕಣ್ಣಿಗೆ ಬೀಳುವುದು ಅವನ ಬಳಿ ಮರಳಿ ಬಂದವರು ಮಾತ್ರ. ಕೀಲು ಕೆಟ್ಟವನು ಸಿಟ್ಟಿನಲ್ಲಿ ಬೇರೆ ವೈದ್ಯನ ಬಳಿ ಹೋಗಿರುತ್ತಾನೆ. ಹಾಗಾಗಿ ದೇಶಕ್ಕೆ ಒಂದೇ ದಾಖಲೆ ಪುಸ್ತಕ ಬೇಕು: ಯಾರಿಗೆ, ಯಾವ ದಿನ, ಯಾವ ಕೀಲು, ಮತ್ತೆ ಯಾವಾಗ ಬಿಚ್ಚಬೇಕಾಯಿತು. ಸ್ವೀಡನ್ 1979ರಲ್ಲೇ ಸೊಂಟದ ಕೀಲಿಗೆ ಇಂಥ ದಾಖಲೆ ಶುರು ಮಾಡಿತು. ಆಸ್ಟ್ರೇಲಿಯಾ 1999ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಲ್ಲಿ.

ಈ ದಾಖಲೆ ಪುಸ್ತಕಗಳ ಬೆಲೆ ತಿಳಿದದ್ದು ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಕೀಲುಗಳ ಪ್ರಕರಣದಲ್ಲಿ. ಪ್ಲಾಸ್ಟಿಕ್ ಸವೆಯುತ್ತದೆ, ಲೋಹ ಸವೆಯದು, ಓಡಾಡುವ ಪ್ರಾಯದವರಿಗೆ ಇದೇ ಸರಿ ಎಂಬ ತರ್ಕ ಕೇಳಲು ಚೆನ್ನಾಗಿಯೇ ಇತ್ತು. ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲಿನ ಬಟ್ಟಲು ಅರ್ಧಗೋಳಕ್ಕಿಂತ ಆಳ ಕಡಿಮೆಯದು. ಕೊಂಚ ಓರೆಯಾಗಿ ಕೂತರೂ ಗುಂಡು ಅಂಚಿಗೆ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ಸುತ್ತಲಿನ ಮಾಂಸಕ್ಕೆ ಇಳಿಯುತ್ತಿದ್ದವು. ಆಸ್ಟ್ರೇಲಿಯಾದ ದಾಖಲೆ ಮೊದಲೇ ಗಂಟೆ ಬಾರಿಸಿತ್ತು. ಐದು ವರ್ಷಗಳಲ್ಲಿ ನೂರಕ್ಕೆ 12ರಿಂದ 13 ಜನರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಿದೆ ಎಂಬ ಲೆಕ್ಕ ಇಂಗ್ಲೆಂಡಿನಿಂದ ಬಂದ ಮೇಲೆ, 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ಅಷ್ಟರಲ್ಲಿ ಸುಮಾರು 93,000 ಕೀಲುಗಳು ಮನುಷ್ಯರ ಒಳಗಿದ್ದವು. ಹಿಂಪಡೆಯುವುದು ಎಂಬ ಮಾತನ್ನೇ ನೋಡಿ. ಮಿಕ್ಸಿಯನ್ನು ಹಿಂಪಡೆಯಬಹುದು.

"ಎಷ್ಟು ವರ್ಷ ಬಾಳುತ್ತದೆ?" ಎಂದು ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದ್ದೆ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಸೊಂಟದ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ. ಆದರೆ ಇದು ಕಾಲು ಶತಮಾನದ ಹಿಂದೆ ಕೂರಿಸಿದ ಕೀಲುಗಳ ಲೆಕ್ಕ. ಆಮೇಲೆ ವಿಕಿರಣದಿಂದ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದ ಗಟ್ಟಿ ಪಾಲಿಎಥಿಲೀನ್ ಬಂದಿದೆ, ಅದು ಹಳೆಯದಕ್ಕಿಂತ ತೀರಾ ಕಡಿಮೆ ಸವೆಯುತ್ತದೆ. ಇಂದು ಕೂರಿಸಿದ ಕೀಲಿನ ಹಣೆಬರಹ ಇನ್ನೂ ಚೆನ್ನಾಗಿರಬಹುದು. ಆ 'ಬಹುದು' ಅಳಿಸಿಹೋಗಲು ಇನ್ನು 25 ವರ್ಷ ಕಾಯದೆ ಬೇರೆ ದಾರಿಯಿಲ್ಲ. ವಯಸ್ಸಿನ ಲೆಕ್ಕವೂ ಇದೆ. ಎಪ್ಪತ್ತು ದಾಟಿ ಸೊಂಟದ ಅಥವಾ ಮಂಡಿಯ ಕೀಲು ಬದಲಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಐವರಿಗೆ ಮಾತ್ರ ಜೀವಮಾನದಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಐವತ್ತರ ಆರಂಭದ ಗಂಡಸರಲ್ಲಿ ಆ ಸಂಖ್ಯೆ 35ರವರೆಗೆ ಏರುತ್ತದೆ.

ಇನ್ನೊಂದು ತಕರಾರು. ಬಾಳಿತು ಎಂದರೆ ಬಿಚ್ಚಲಿಲ್ಲ ಎಂದಷ್ಟೇ ಅರ್ಥ. ನೋವು ನುಂಗಿಕೊಂಡು ಮೂಲೆಯಲ್ಲಿ ಕುಳಿತವರೂ ಆ ಲೆಕ್ಕದಲ್ಲಿ ಗೆದ್ದವರೇ. ಇದಕ್ಕಾಗಿ ಹನ್ನೆರಡು ಪ್ರಶ್ನೆಗಳ ಆಕ್ಸ್‌ಫರ್ಡ್ ಅಂಕಪಟ್ಟಿ ಎಂಬುದೊಂದು ಇದೆ. ಮೆಟ್ಟಿಲು ಹತ್ತಬಲ್ಲಿರಾ, ರಾತ್ರಿ ಹಾಸಿಗೆಯಲ್ಲಿ ನೋವು ಕಾಡುತ್ತದೆಯೇ, ಕಾಲುಚೀಲ ಹಾಕಿಕೊಳ್ಳಬಲ್ಲಿರಾ? ಕಾಲುಚೀಲದ ಪ್ರಶ್ನೆ ಓದಿ ನನಗೆ ಗಂಟಲು ಕಟ್ಟಿತು. ಶಸ್ತ್ರಚಿಕಿತ್ಸೆಗೆ ಮುಂಚಿನ ಚಳಿಗಾಲದಲ್ಲಿ ಅಮ್ಮ ಬಾಗಿಲು ಹಾಕಿಕೊಂಡು, ಉದ್ದ ಕೋಲಿನ ತುದಿಗೆ ಕಾಲುಚೀಲದ ಬಾಯಿ ಸಿಕ್ಕಿಸಿ, ಹೆಬ್ಬೆರಳಿಗೆ ತೂರಿಸಲು ಹೆಣಗುತ್ತಿದ್ದಳು. ನಾನು ಒಳಗೆ ಬಂದರೆ ಕೋಲನ್ನು ಮಂಚದಡಿಗೆ ತಳ್ಳುತ್ತಿದ್ದಳು. ಆಪರೇಷನ್ ಆದ ನಾಲ್ಕನೆಯ ತಿಂಗಳು ಆ ಕೋಲಿನಿಂದ ಜೇಡರ ಬಲೆ ತೆಗೆಯುತ್ತಿದ್ದಳು. ಯಾವ ಎಕ್ಸ್‌ರೇಯೂ ನನಗೆ ಅಷ್ಟು ಸ್ಪಷ್ಟವಾಗಿ ಫಲಿತಾಂಶ ಹೇಳಿಲ್ಲ.

ಲೆಕ್ಕವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಮಂಡಿಯನ್ನೇ ನೋಡಬಹುದು. ಸವೆದ ಮಂಡಿಗೆ ದುರ್ಬೀನು ಇಳಿಸಿ ತೊಳೆಯುವ ಶಸ್ತ್ರಚಿಕಿತ್ಸೆ ವರ್ಷಗಟ್ಟಲೆ ನಡೆದಿತ್ತು, ರೋಗಿಗಳು ಸುಖವಾಯಿತು ಎಂದೂ ಹೇಳುತ್ತಿದ್ದರು. 2002ರಲ್ಲಿ ಅಮೆರಿಕದಲ್ಲಿ 180 ಜನರ ಮೇಲೆ ಪರೀಕ್ಷೆಯಾಯಿತು. ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದರು. ಎರಡು ವರ್ಷಗಳ ಬಳಿಕವೂ ಅವರ ನೋವಿಗೂ ನಿಜವಾದ ಶಸ್ತ್ರಚಿಕಿತ್ಸೆಯವರ ನೋವಿಗೂ ವ್ಯತ್ಯಾಸವಿರಲಿಲ್ಲ.

ಆದ್ದರಿಂದ ರೋಬಾಟ್, ಕೃತಕ ಬುದ್ಧಿಮತ್ತೆ, ಮುದ್ರಿಸಿದ ಮೂಳೆ ಎಂಬ ಸುದ್ದಿ ಬಂದಾಗ ನನಗೆ ಈಗ ಕುಣಿಯಬೇಕು ಅನಿಸುವುದಿಲ್ಲ. ರೋಬಾಟ್ ಬಟ್ಟಲನ್ನು ಯೋಜಿಸಿದ ಕೋನಕ್ಕೆ ಹತ್ತಿರವಾಗಿ ಕೂರಿಸುತ್ತದೆ, ಒಪ್ಪಿದೆ. ಕೋನ ಸರಿಯಾದರೆ ಕಾಲುಚೀಲ ಹಾಕುವುದು ಸಲೀಸಾಗುತ್ತದೆಯೇ ಎಂದು ಯಾರಾದರೂ ಎಣಿಸಿ ಹೇಳಬೇಕು. ಬಂಧುಗಳು "ಲೇಟೆಸ್ಟ್ ಯಾವುದು?" ಎಂದು ಫೋನ್ ಮಾಡಿದರೆ "ಹತ್ತು ವರ್ಷದ ಲೆಕ್ಕ ಇರುವುದು ಯಾವುದು ಎಂದು ಕೇಳಿ" ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಅಂದ ಹಾಗೆ, ನಾಲ್ಕನೆಯ ಸಲ ಆಸ್ಪತ್ರೆಗೆ ಹೋದಾಗ ಕಡತ ಸಿಕ್ಕಿತು. ಕೀಲಿನ ಡಬ್ಬಿಗಳ ಜೊತೆ ಬರುವ ಸ್ಟಿಕ್ಕರ್‌ಗಳನ್ನು ಕೊನೆಯ ಪುಟಕ್ಕೆ ಅಂಟಿಸಿದ್ದರು: ಬಟ್ಟಲು, ಅದರ ಒಳಪದರ, ಗುಂಡು, ತೊಡೆಮೂಳೆಯೊಳಗೆ ಇಳಿಯುವ ಕಾಂಡ, ಒಟ್ಟು ನಾಲ್ಕು. ಮೂರರ ಸಂಖ್ಯೆ ಸ್ಪಷ್ಟವಾಗಿದೆ. ಗುಂಡಿನ ಸ್ಟಿಕ್ಕರ್ ಮೇಲೆ ಯಾರೋ ಪಂಚಿಂಗ್ ಯಂತ್ರ ಒತ್ತಿದ್ದಾರೆ, ಲಾಟ್ ಸಂಖ್ಯೆಯ ನಡುವೆ ದುಂಡನೆಯ ತೂತು. ಫೋಟೊ ತೆಗೆದು ವೈದ್ಯರಿಗೆ ಕಳಿಸಿದ್ದೇನೆ. ಕಾಣೆಯಾದ ಎರಡು ಅಂಕಿಗಳಿಗಾಗಿ ಸೋಮವಾರ ಐದನೆಯ ಸಲ ಹೋಗಬೇಕು.