ತಪ್ಪು ಎಲ್ಲಿದೆ ಎಂದು ಹೇಳುವುದಕ್ಕೆ ಏನು ಕಷ್ಟ?

ಪಕ್ಕದ ಮನೆಯ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಇಂದು ಬೆಳಿಗ್ಗೆ ಜೊತೆಗೆ ಕುಳಿತಿದ್ದೆ. ಹೆಸರು, ವಿಳಾಸ, ಆದಾಯ, ಬ್ಯಾಂಕ್ ಖಾತೆಯ ವಿವರಗಳನ್ನೆಲ್ಲ ತುಂಬಿ 'ಸಲ್ಲಿಸಿ' ಒತ್ತಿದರೆ ಕೆಂಪಕ್ಷರದಲ್ಲಿ ಬಂದದ್ದು 'ಅಮಾನ್ಯ ಮಾಹಿತಿ' ಎಂಬ ಎರಡೇ ಪದ. ಏನು ಅಮಾನ್ಯ, ಎಲ್ಲಿ ಅಮಾನ್ಯ ಎಂಬ ಸುಳಿವಿಲ್ಲ. ಅಷ್ಟು ಸಾಲದೆಂಬಂತೆ ತುಂಬಿದ್ದೆಲ್ಲವೂ ಅಳಿಸಿಹೋಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡ ಆ ಮಗು 'ಆಂಟಿ, ನಾನೇನು ತಪ್ಪು ಮಾಡಿದೆ?' ಎಂದು ಕೇಳಿತು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ತಪ್ಪು ಇದ್ದದ್ದು ಐಎಫ್‌ಎಸ್‌ಸಿ ಕೋಡಿನಲ್ಲಿ. ಅದರಲ್ಲಿ ಒಟ್ಟು 11 ಅಕ್ಷರ: ಮೊದಲ 4 ಬ್ಯಾಂಕಿನವು, ಕೊನೆಯ 6 ಶಾಖೆಯವು, ನಡುವಿನ ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಬಿದ್ದಿತ್ತು. ಈ ನಿಯಮ ತಂತ್ರಾಂಶಕ್ಕೆ ಗೊತ್ತಿದ್ದುದರಿಂದಲೇ ಅದು ಅರ್ಜಿಯನ್ನು ತಿರಸ್ಕರಿಸಿತು. ಗೊತ್ತಿದ್ದೂ ಹೇಳಲಿಲ್ಲ ಎಂಬುದೇ ನನ್ನ ದೂರು. 'ಐದನೆಯ ಸ್ಥಾನದಲ್ಲಿ ಸೊನ್ನೆ ಇರಬೇಕು, ನೀವು ಓ ಬರೆದಿದ್ದೀರಿ' ಎಂದು ಆ ಖಾನೆಯ ಕೆಳಗೇ ತೋರಿಸಿದ್ದರೆ ಅರ್ಧ ನಿಮಿಷದ ಕೆಲಸವಾಗಿತ್ತು.

ಆಧಾರ್ ಸಂಖ್ಯೆಯ ವಿಷಯವೂ ಹೀಗೆಯೇ. ಅದರ 12ನೆಯ ಅಂಕಿ ವೆರ್ಹೋಫ್ ಎಂಬ ಲೆಕ್ಕದ ವಿಧಾನದಿಂದ, ಮೊದಲಿನ ಅಂಕಿಗಳನ್ನು ಆಧರಿಸಿ ಬರುವ ತಾಳೆ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ. ಸರ್ವರಿಗೆ ಕಳುಹಿಸುವ ಮೊದಲೇ, ಬರೆಯುತ್ತಿರುವಾಗಲೇ 'ಒಮ್ಮೆ ಸರಿನೋಡಿ' ಎನ್ನಬಹುದು.

ತಂತ್ರಾಂಶ ಬರೆಯುವ ನಾವು ನಮ್ಮ ನಮ್ಮಲ್ಲೇ ಬಳಸುವ ಎಪಿಐಗಳಲ್ಲಿಯೂ, ಅಂದರೆ ಒಂದು ತಂತ್ರಾಂಶ ಇನ್ನೊಂದರೊಡನೆ ಮಾತಾಡುವ ವ್ಯವಸ್ಥೆಗಳಲ್ಲಿಯೂ, ಇದೇ ಸಂಕಟ. ಬರಿಯ '400 ಬ್ಯಾಡ್ ರಿಕ್ವೆಸ್ಟ್' (ಕೋರಿಕೆ ಸರಿಯಿಲ್ಲ) ಎಂದು ಕಳುಹಿಸಿ ಸುಮ್ಮನಾಗುತ್ತಾರೆ. ದೋಷದ ವಿವರವನ್ನು ಹೇಗೆ ಕಳುಹಿಸಬೇಕೆಂದು 2016ರಲ್ಲೇ ಆರ್‌ಎಫ್‌ಸಿ 7807 ಎಂಬ ಅಂತರಜಾಲದ ಮಾನಕ ದಾಖಲೆ ಬಂತು, 2023ರಲ್ಲಿ ಅದರ ಜಾಗಕ್ಕೆ 9457 ಬಂತು. ಆದರೂ ಕಳುಹಿಸಿದ ಯಾವ ಮಾಹಿತಿ ತಪ್ಪಿದೆ ಎಂದು ತಿಳಿಯಲು ಸರ್ವರಿನ ದಾಖಲೆಗಳನ್ನು (ಲಾಗ್) ಜಾಲಾಡುವುದು ತಪ್ಪಿಲ್ಲ.

ಹೆಚ್ಚು ಹೇಳಿದರೆ ಭದ್ರತೆಗೆ ಅಪಾಯ ಎನ್ನುವವರಿದ್ದಾರೆ. ಲಾಗಿನ್ ಪುಟದಲ್ಲಿ ಆ ಮಾತು ಸರಿ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಅಲ್ಲಿ ಬಿಡಿಸಿ ಹೇಳಬಾರದು. ಆದರೆ ಎಲ್ಲರಿಗೂ ತಿಳಿದಿರುವ ಐಎಫ್‌ಎಸ್‌ಸಿ ನಿಯಮವನ್ನು ಹೇಳಿದರೆ ಯಾವ ಕಳ್ಳನಿಗೆ ಏನು ಲಾಭ? ಇದು ಭದ್ರತೆಯಲ್ಲ, ಸೋಮಾರಿತನ.

ತಂತ್ರಾಂಶ ತಂಡಗಳಲ್ಲಿ ಕೆಲಸ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ರಿಲೀಸಿಗೆ ಮೊದಲು ನಿಮ್ಮ ಫಾರಂನ ಒಂದೊಂದು ಖಾನೆಯಲ್ಲೂ ಬೇಕೆಂದೇ ತಪ್ಪು ತುಂಬಿ, ಬರುವ ಸಂದೇಶವನ್ನು ನಿಮ್ಮ ತಾಯಿಗೆ ತೋರಿಸಿ. ಏನನ್ನು ತಿದ್ದಬೇಕೆಂದು ಅವರಿಗೆ ತಿಳಿಯದಿದ್ದರೆ ಅದನ್ನೂ ಬಗ್ ಎಂದೇ ದಾಖಲಿಸಿ.